ಹೂವಕ್ಕನ ಸೆರಗಿನ ಗಂಟುಗಳು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದೆ ಇದ್ದ ಕಾಲದಲ್ಲಿ ನೇಸರಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಮರಗಳು ಮಾತಾಡುತ್ತಿರಲಿಲ್ಲ, ಆನೆಗಳು ಹಾರುತ್ತಿರಲಿಲ್ಲ. ಅಲ್ಲಿದ್ದ ಸೋಜಿಗ ಒಂದೇ, ಅದೂ ಬಟ್ಟೆಯ ತುದಿಯಲ್ಲಿ.

ಆ ರಾಜ್ಯದ ಜನಕ್ಕೆ ಹಗಲಲ್ಲಿ ಏನಾದರೂ ಮನಸ್ಸಿಗೆ ತಾಕಿದರೆ ಅಲ್ಲೇ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಹೆಂಗಸರಾದರೆ ಸೆರಗಿಗೆ, ಗಂಡಸರಾದರೆ ಹೆಗಲ ಮೇಲಿನ ವಸ್ತ್ರಕ್ಕೆ. ಯಾರೋ ಬೈದರು, ಒಂದು ಗಂಟು. ತಾವೇ ಯಾರನ್ನೋ ಬೈದರು, ಒಂದು ಗಂಟು. ಏನೋ ನೋಡಿ ನಗು ಬಂತು, ಅದಕ್ಕೂ ಒಂದು ಗಂಟು. ಕೆಲಸದ ಹೊತ್ತಲ್ಲಿ ಕೂತು ಯೋಚಿಸೋಕೆ ಯಾರಿಗೆ ಪುರುಸೊತ್ತು? ಸಂಜೆ ಮನೆಗೆ ಬಂದು, ಕಾಲಿಗೆ ನೀರು ಹುಯ್ದುಕೊಂಡು, ಜಗಲಿ ಮೇಲೆ ಕೂತು ಒಂದೊಂದೇ ಬಿಚ್ಚುತ್ತಿದ್ದರು. ಗಂಟು ಬಿಚ್ಚಿದರೆ ಆ ಗಳಿಗೆ ಒಂದು ಸಲ ಕಣ್ಣ ಮುಂದೆ ಬಂದು ಹೋಗುತ್ತಿತ್ತು. "ಓ, ಇದಾ" ಅನ್ನುತ್ತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ಪಕ್ಕದ ಮನೆಗೆ ಹೋಗಿ ಏನೋ ಹೇಳಿ ಬರುತ್ತಿದ್ದರು. ಬಟ್ಟೆ ಕೊಡವಿ ಎದ್ದ ಮೇಲೇ ದೀಪ ಹಚ್ಚುವುದು. ಆಮೇಲೆ ಉಂಡು ಮಲಗಿದರೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಹೀಗಿರುವಾಗ ಬೆಟ್ಟದ ಮೇಲಿಂದ ಸಿಂಬೀನಾಥ ಅನ್ನೋ ಮಾಂತ್ರಿಕ ಇಳಿದು ಬಂದ. ಕೈಯಲ್ಲಿ ಬೆಳ್ಳಿ ಕತ್ತರಿ, ಬೆನ್ನ ಮೇಲೆ ಬುಟ್ಟಿ. ಮಾತೋ, ಬೆಣ್ಣೆ. "ಅಯ್ಯೋ ಪಾಪ, ದಿನವಿಡೀ ದುಡಿದು ಬಂದು ಮತ್ತೆ ಕೂತು ತಲೆ ಕೆಡಿಸಿಕೊಳ್ತೀರಲ್ಲ! ಆ ಗಂಟು ನನಗೆ ಕೊಡಿ. ನಾನು ಹೊರ್ತೀನಿ. ನೀವು ಹಾಯಾಗಿರಿ," ಅಂದ.

ಜನಕ್ಕೆ ಹೌದಲ್ಲ ಅನ್ನಿಸಿತು. ಸುಸ್ತಾದವರಿಗೆ ಯಾರು ಏನು ಹೇಳಿದರೂ ಹೌದಲ್ಲ ಅನ್ನಿಸುತ್ತದೆ. ಅವತ್ತಿಂದ ಸಂಜೆಯಾದರೆ ಸಿಂಬೀನಾಥ ಬೀದಿಗೆ ಬರುತ್ತಿದ್ದ. ಜನ ಸೆರಗು ಚಾಚುತ್ತಿದ್ದರು. ಕಚಕ್, ಕಚಕ್. ಗಂಟಿನ ಸಮೇತ ಬಟ್ಟೆ ಚೂರು ಬುಟ್ಟಿಗೆ ಬೀಳುತ್ತಿತ್ತು.

ಅರಸ ಬೊಪ್ಪರಸನಿಗಂತೂ ಹಬ್ಬ. ಜಗಲಿ ಮೇಲೆ ಕೂರುವ ಹೊತ್ತು ಉಳಿಯಿತಲ್ಲ! ಸಂಜೆಗೂ ಒಂದು ಪಾಳಿ ಕೆಲಸ ಅಂತ ಡಂಗುರ ಸಾರಿಸಿದ. ಭತ್ತ ಕುಟ್ಟುವವರು ಸಂಜೆಯೂ ಕುಟ್ಟಿದರು. ನೀರು ಹೊರುವವರು ಸಂಜೆಯೂ ಹೊತ್ತರು. ಮನೆಗೆ ಬಂದು ಮಲಗಿದರೆ ನಿದ್ದೆ ಬರುತ್ತಿತ್ತು, ಎದ್ದರೆ ದಣಿವು ಹಾಗೇ ಇರುತ್ತಿತ್ತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಮೈಗೆ ಎಣ್ಣೆ ತಿಕ್ಕಿಕೊಂಡರು, ಕಷಾಯ ಕುಡಿದರು. ಏನೂ ಆಗಲಿಲ್ಲ.

ಆಮೇಲೆ ಒಬ್ಬೊಬ್ಬರೇ ಕಂಬವಾಗತೊಡಗಿದರು. ಹೌದು, ಕಂಬವೇ. ನಡೆಯುತ್ತಿದ್ದವರು ನಿಲ್ಲುತ್ತಿದ್ದರು, ನಿಂತವರ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು, ಮೈ ಮೇಲೆ ತೊಗಟೆ ಬರುತ್ತಿತ್ತು. ಬೊಪ್ಪರಸ ಮೊದಲು ಹೆದರಿಕೊಂಡ. ಆಮೇಲೆ ಒಂದು ಕಂಬಕ್ಕೆ ಆನೆ ಕಟ್ಟಿಸಿ ನೋಡಿದ. ಗಟ್ಟಿಯಾಗಿತ್ತು. ಸುಮ್ಮನಾದ.

ಅರಮನೆಯ ಭತ್ತದ ಅಂಗಳದಲ್ಲಿ ಹೂವಕ್ಕ ಅನ್ನೋ ಹೆಂಗಸು ಒನಕೆ ಹಿಡಿದು ಕುಟ್ಟುತ್ತಿದ್ದಳು. ಅವಳ ಗಂಡ ಓಬಯ್ಯ ಎಮ್ಮೆ ಮೇಲೆ ತೊಗಲಿನ ಚೀಲ ಹೇರಿ ಅರಮನೆಗೆ ನೀರು ಸಾಗಿಸುವವನು. ಒಂದು ಬೆಳಿಗ್ಗೆ ಹೂವಕ್ಕ ಎದ್ದು ಕೊಟ್ಟಿಗೆಗೆ ಹೋದರೆ ಓಬಯ್ಯ ಎಮ್ಮೆಯ ಹಗ್ಗ ಕೈಯಲ್ಲಿ ಹಿಡಿದೇ ಕಂಬವಾಗಿ ನಿಂತಿದ್ದ. ಕಣ್ಣಿದ್ದ ಕಡೆ ಎರಡು ಮರದ ಗಂಟು. ಎಮ್ಮೆ ಅವನ ಎಡತೋಳು ನೆಕ್ಕುತ್ತಿತ್ತು.

ಹೂವಕ್ಕ ಅಳಲಿಲ್ಲ. ಅಳೋಕೂ ತ್ರಾಣ ಬೇಕಲ್ಲ. ಕಂಬದ ಬುಡದಲ್ಲಿ ಕುಸಿದು, "ನನ್ನನ್ನ ಒಬ್ಬಳನ್ನೇ ಬಿಟ್ಟು ನೀನು ಮಾತ್ರ ನಿಂತುಬಿಟ್ಯಾ?" ಅಂದಳು. ಅವಳ ಎಡಹಿಮ್ಮಡಿಯೂ ಆಗಲೇ ಮರವಾಗಿತ್ತು. ನಡೆದರೆ ಟಕ್ ಟಕ್ ಅಂತ ಸದ್ದಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಓಬಯ್ಯನ ಸೋದರತ್ತೆ ಗೌರಜ್ಜಿ ಪಕ್ಕದ ಮನೆಯಲ್ಲಿದ್ದಳು. ಮಹಾ ಜುಗ್ಗಿ. ಸಿಂಬೀನಾಥ ಗಂಟು ಕೇಳಿದಾಗ, "ನಂದು ನಿನಗ್ಯಾಕೋ ಕೊಡ್ಲಿ? ಹೋಗೋ ಆಚೆ," ಅಂತ ಬಾಗಿಲು ಹಾಕಿಕೊಂಡಿದ್ದಳು. ಇಡೀ ಬೀದಿಯಲ್ಲಿ ಸೆರಗು ಪೂರ್ತಿ ಇದ್ದವಳು ಅವಳೊಬ್ಬಳೇ. ಹಾಗೇ, ಎಂಬತ್ತು ದಾಟಿದರೂ ಟಣ್ ಟಣ್ ಅಂತ ಓಡಾಡುತ್ತಿದ್ದವಳೂ ಅವಳೊಬ್ಬಳೇ.

ಅಜ್ಜಿ ಕಂಬದ ಸುತ್ತ ಒಂದು ಸುತ್ತು ಬಂದು ಉಗುರಿನಿಂದ ತೊಗಟೆ ಕೆರೆದು ನೋಡಿದಳು. "ಒಳಗೆ ಹಸಿರಿದೆ. ಹಸಿರು ಇರೋವರೆಗೂ ಇವನಿದ್ದಾನೆ. ಒಣಗಿತೋ, ಆಮೇಲೆ ಸೌದೆ."

"ಏನ್ ಮಾಡ್ಲಿ ಅತ್ತೆ?"

"ಇವನು ಒಂದು ದಿನಾನೂ ಮುಗಿಸಿಲ್ಲ ಕಣೇ. ಎಲ್ಲಾ ದಿನಾನೂ ಆ ಬುಟ್ಟಿಗೆ ಹಾಕಿ ಕಳಿಸಿದಾನೆ. ಇವನ ಗಂಟು ತಂದು ಇವನ ಕೈಗೆ ಕೊಡು. ಇವನೇ ಬಿಚ್ಚಬೇಕು. ಇನ್ನೊಬ್ಬರು ಬಿಚ್ಚಿದ್ರೆ ಆಗಲ್ಲ."

"ಮರದ ಕೈಯಲ್ಲಿ ಹೇಗೆ ಬಿಚ್ತಾನೆ?"

"ಅದು ನಂಗೊತ್ತಿಲ್ಲ. ಮೊದಲು ತಗೊಂಡು ಬಾ. ಇವನ ಹಸಿರು ತೀರಾ ತೆಳ್ಳಗಿದೆ, ಈ ಬಿಸಿಲಿಗೆ ಸಂಜೆತನಕ ಉಳಿದರೆ ಹೆಚ್ಚು."

ಹೂವಕ್ಕ ಕಂಬದ ಮೇಲೆ ಒಂದು ಕೊಡ ನೀರು ಹುಯ್ದು, ಒನಕೆಯನ್ನೇ ಊರುಗೋಲು ಮಾಡಿಕೊಂಡು ಬೆಟ್ಟದ ದಾರಿ ಹಿಡಿದಳು. ಟಕ್ ಟಕ್, ಟಕ್ ಟಕ್. ಕೇಳುವವರು ಆತುರ ಪಡಬೇಡಿ. ದಣಿದವಳು ನಡೆಯುತ್ತಿದ್ದಾಳೆ, ಕತೆಯೂ ಅವಳ ಜೊತೆಗೇ ನಡೆಯಬೇಕು.

ಬೆಟ್ಟದ ಬುಡದಲ್ಲಿ ಒಂದು ಕರಡಿ ದಾರಿಗೆ ಅಡ್ಡ ನಿಂತಿತ್ತು. ಎರಡಾಳು ಎತ್ತರ. ಅದು ಬಾಯಿ ತೆರೆದು ಅರಚಿತು: "ಎಲ್ಲಾ ನಾನೇ ಮಾಡಬೇಕು! ನಾನೊಬ್ಬಳೇ ಸಾಯಬೇಕು!"

ಹೂವಕ್ಕ ಒನಕೆ ಎತ್ತಿ ಬಾರಿಸಿದಳು. ಕರಡಿ ಮೂರಾಳು ಎತ್ತರವಾಯಿತು. ಮತ್ತೆ ಬಾರಿಸಿದಳು. ನಾಲ್ಕಾಳು ಎತ್ತರವಾಯಿತು, ದನಿ ಇನ್ನೂ ಜೋರಾಯಿತು: "ನಾನೊಬ್ಬಳೇ ಸಾಯಬೇಕು!"

"ಏ, ಅರಚು ಹೋಗು!" ಅಂತ ಹೂವಕ್ಕ ಒನಕೆ ಬಿಸಾಕಿ ಕಲ್ಲಿನ ಮೇಲೆ ಕೂತುಬಿಟ್ಟಳು. ತಿಂದರೆ ತಿನ್ನಲಿ, ಅಷ್ಟು ಸಾಕಾಗಿತ್ತು. ಕರಡಿ ತಿನ್ನಲಿಲ್ಲ, ಅರಚುತ್ತಲೇ ಇತ್ತು. ಕೂತು ಕೇಳಿಸಿಕೊಂಡರೆ ಆ ದನಿ ಎಲ್ಲೋ ಕೇಳಿದ ಹಾಗಿದೆ. ಗಂಡಸಿನ ದನಿ ಅಲ್ಲ, ಮೃಗದ ದನಿಯೂ ಅಲ್ಲ. ಕೊನೆಯ ಪದವನ್ನು ಎಳೆಯುವ ರೀತಿ, ನಡುವೆ ಮೂಗೆಳೆಯುವ ರೀತಿ. ಹೂವಕ್ಕನಿಗೆ ನಾಚಿಕೆಯಾಯಿತು.

ಓಬಯ್ಯ ತಡವಾಗಿ ಮನೆಗೆ ಬಂದ ಒಂದು ದಿನ ಅವಳು ಹೀಗೇ ಕೂಗಿದ್ದಳು. ಒಲೆ ಕಡೆ ತಿರುಗಿಕೊಂಡೇ ಕೂಗಿದ್ದಳು. ಮನಸ್ಸಿಗೆ ಚುಚ್ಚಿದ್ದಕ್ಕೆ ಗಂಟು ಹಾಕಿದ್ದಳು. ಆಮೇಲೆ ಕತ್ತರಿ ಬಂತು, ಮರೆತೇಹೋಯಿತು.

"ನೀನು ನಂದು," ಅಂದಳು.

ಕರಡಿ ಇಲ್ಲ. ನೆಲದ ಮೇಲೆ ಅವಳದೇ ನೀಲಿ ಸೀರೆಯ ಒಂದು ಚೂರು ಬಿದ್ದಿತ್ತು, ಅದರಲ್ಲೊಂದು ಗಂಟು. ಬಿಚ್ಚಿದಳು. ಆ ಸಂಜೆ ಮತ್ತೆ ಕಣ್ಣ ಮುಂದೆ ಬಂತು. ಈ ಸಲ ಹೂವಕ್ಕ ತಿರುಗಿ ನೋಡಿದಳು. ಓಬಯ್ಯ ಬಾಗಿಲಲ್ಲಿ ನಿಂತಿದ್ದ. ತೋಳಿನ ತನಕ ಒದ್ದೆ, ಭುಜದಲ್ಲಿ ಹಗ್ಗ ಉಜ್ಜಿ ಚರ್ಮ ಕಿತ್ತು ಬಂದಿತ್ತು. ಅವನು ಕೊಡ ಎತ್ತಿಕೊಂಡು ಹೊರಗೆ ಹೋದ. ಹೂವಕ್ಕ ಚೂರನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣೊರೆಸಿಕೊಂಡು, ಒನಕೆ ಎತ್ತಿಕೊಂಡು ಮುಂದೆ ನಡೆದಳು.

ಬೆಟ್ಟದ ನಡುವೆ ಒಂದು ಹಂದಿ ಮಲಗಿತ್ತು. ಅದಕ್ಕೆ ಬಾಯಿ ಇರಲಿಲ್ಲ. ಕಣ್ಣು, ಮೂಗು, ಕಿವಿ ಎಲ್ಲಾ ಇತ್ತು, ಬಾಯಿ ಇರಬೇಕಾದ ಕಡೆ ಬರೀ ಚರ್ಮ. ಅದು ಅರಚಲಿಲ್ಲ, ಮೈಮೇಲೆ ಬರಲಿಲ್ಲ. ಎಡಕ್ಕೆ ಹೋದರೆ ಎಡಕ್ಕೆ ಬಂದು ಮಲಗಿತು, ಬಲಕ್ಕೆ ಹೋದರೆ ಬಲಕ್ಕೆ.

ಹೂವಕ್ಕ ಈಗ ಹೊಡೆಯೋಕೆ ಹೋಗಲಿಲ್ಲ. "ನೀನೂ ನನ್ನದೇ ಇರಬೇಕು. ನಂದು, ನಂದು. ದಾರಿ ಬಿಡು," ಅಂದಳು.

ಹಂದಿ ಅಲ್ಲಾಡಲಿಲ್ಲ. ಸುಮ್ಮನೆ ಬಾಯಿಮಾತಿಗೆ ಹೇಳಿದರೆ ಅದು ಒಪ್ಪುವ ಹಂದಿಯಲ್ಲ. ಹೂವಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅದರ ಮೈತುಂಬ ಸಣ್ಣ ಸಣ್ಣ ಕಲ್ಲು ಅಂಟಿದ್ದವು. ಅಕ್ಕಿಯಲ್ಲಿ ಸಿಗುವಂಥ ಕಲ್ಲು.

ಒಂದು ದಿನ ಅರಸನ ಬಾಯಿಗೆ ಅನ್ನದಲ್ಲಿ ಕಲ್ಲು ಸಿಕ್ಕಿತ್ತು. ಜೊತೆಯಲ್ಲಿ ಕುಟ್ಟುವ ಚಂದಮ್ಮನನ್ನು ಅಂಗಳದ ನಡುವೆ ಬಿಸಿಲಲ್ಲಿ ನಿಲ್ಲಿಸಿ ಬೈದಿದ್ದರು. ಆ ಅಕ್ಕಿ ಕೇರಿದ್ದು ಚಂದಮ್ಮ ಅಲ್ಲ, ಹೂವಕ್ಕ. ಕೈ ಸೋತಿತ್ತು, ಕೊನೆಯ ಮೊರ ಕೇರದೆ ಹಾಗೇ ಸುರಿದಿದ್ದಳು. ಬೈಯುವಾಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು.

"ಆ ಕಲ್ಲು ನಾನು ಬಿಟ್ಟಿದ್ದು," ಅಂದಳು ಹೂವಕ್ಕ. ದನಿ ಹೊರಗೆ ಬರಲಿಲ್ಲ. ಗಂಟಲು ಸರಿ ಮಾಡಿಕೊಂಡು ಮತ್ತೆ ಹೇಳಿದಳು. "ನಾನೇ ಬಿಟ್ಟಿದ್ದು. ಚಂದಮ್ಮ ಬೈಸಿಕೊಂಡಳು, ನಾನು ಸುಮ್ಮನಿದ್ದೆ. ಹೋಗಿ ಅವಳಿಗೆ ಹೇಳ್ತೀನಿ."

ಹಂದಿಗೆ ಬಾಯಿ ಬಂತು. ಅದು ದೊಡ್ಡದಾಗಿ ಆಕಳಿಸಿ ಬಟ್ಟೆ ಚೂರಾಯಿತು. ಹೂವಕ್ಕ ಅದನ್ನೂ ಬಿಚ್ಚಿ, ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬೆಟ್ಟದ ತುದಿಯಲ್ಲಿ ಸಿಂಬೀನಾಥನ ಕಲ್ಲುಮನೆ. ಬಾಗಿಲಿಗೆ ಚಿಲಕ ಇರಲಿಲ್ಲ. ಮುಂದೆ ಒಂದು ಜಿಂಕೆಮರಿ ಕುಣಿಯುತ್ತಿತ್ತು. ಎಂಥಾ ಮರಿ! ಮೈ ಮೇಲಿನ ಚುಕ್ಕೆಗಳು ಮಿಣಮಿಣ ಅನ್ನುತ್ತಿದ್ದವು. ಹೂವಕ್ಕ ಹತ್ತಿರ ಹೋದರೆ ಛಂಗನೆ ಹಾರಿ ದೂರ ಹೋಯಿತು. ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಮತ್ತೆ ಮರಿಯ ಹತ್ತಿರ ಹೋದಳು, ಮತ್ತೆ ಹಾರಿತು.

"ನೀನು ನಂದಲ್ಲ," ಅಂದಳು ಹೂವಕ್ಕ. "ಇಷ್ಟು ಚಂದದ್ದು ನನ್ನ ಹತ್ರ ಎಲ್ಲಿತ್ತು? ನನ್ನ ಪಾಲಿಗೆ ಬರೋದು ಕರಡಿ, ಹಂದಿ. ಯಾರ ಮರಿಯೋ ಏನೋ, ಅವರ ಹತ್ರ ಹೋಗು."

ಜಿಂಕೆಮರಿ ನಿಂತು ಅವಳನ್ನೇ ನೋಡಿತು. ಅದರ ಮೈ ಮೇಲಿನ ಒಂದು ಚುಕ್ಕೆ ಆರಿಹೋಯಿತು. ಮತ್ತೊಂದೂ ಆರಿತು.

ಹೂವಕ್ಕನಿಗೆ ಅಟ್ಟಿಸಿಕೊಂಡು ಹೋಗಲು ಕಾಲಿರಲಿಲ್ಲ. ಬಾಗಿಲಿಗೆ ಒರಗಿ ಕೂತು ಕಣ್ಣು ಮುಚ್ಚಿದಳು. ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು, ಕೆಳಗೆ ಕಂಬದ ಹಸಿರು ಒಣಗುತ್ತಿತ್ತು. ಕರಡಿಯಿಂದ ಪಾರಾದವಳು ಒಂದು ಮರಿಯ ಮುಂದೆ ಸೋತಳಲ್ಲ ಅಂತ ಅವಳಿಗೆ ನಗುವೂ ಬಂತು, ಅಳುವೂ ಬಂತು. ಆಗ ಸಣ್ಣಗೆ ಗುನುಗು ಕೇಳಿಸಿತು. ಜಿಂಕೆಮರಿ ಗುನುಗುತ್ತಿತ್ತು:

"ಹೂವಿನ ಕೈಯಾಗೆ ಒನಕೆ ಐತೆ, ದೂರ ನಿಲ್ಲಿರಪ್ಪೋ,
ಕಣ್ಣಿನಾಗೆ ಅದಕಿಂತ ದೊಡ್ಡದೈತೆ, ಓಡಿಹೋಗಿರಪ್ಪೋ."

ಎರಡನೆಯ ಸಾಲಲ್ಲಿ ರಾಗ ಸೊಟ್ಟಗೆ ಹೋಯಿತು. ಹೀಗೆ ಸೊಟ್ಟಗೆ ಹಾಡುವವನು ನೇಸರಕೋಟೆಯಲ್ಲಿ ಒಬ್ಬನೇ.

ಹೂವಕ್ಕನಿಗೆ ಎಲ್ಲಾ ನೆನಪಾಯಿತು. ಅವತ್ತು ಅವಳು ಅಂಗಳದಲ್ಲಿ ಕುಟ್ಟುತ್ತಿದ್ದಳು. ಗೋಡೆಯಾಚೆ ಓಬಯ್ಯ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ. ಅವಳ ಒನಕೆಯ ಏಟಿಗೆ ಸರಿಯಾಗಿ ಪದ ಕೂಡಿಸಿ ಹಾಡಿದ. ಅವಳಿಗೆ ಹೊಟ್ಟೆಯೊಳಗಿಂದ ನಗು ಬಂತು. ಮೇಲ್ವಿಚಾರಕ ನೋಡುತ್ತಿದ್ದ, ಒನಕೆ ನಿಲ್ಲಿಸುವಂತಿಲ್ಲ. ಸಂಜೆ ಜಗಲಿ ಮೇಲೆ ಬಿಚ್ಚಿ ಅವನ ಜೊತೆ ನಗೋಣ ಅಂತ ಗಂಟು ಹಾಕಿಟ್ಟಳು. ಸಂಜೆ ಕತ್ತರಿ ಬಂತು. ಸೆರಗು ಚಾಚಿದಳು. ಕಚಕ್.

"ಅಯ್ಯೋ, ಇದನ್ನೂ ಕೊಟ್ಟುಬಿಟ್ನಲ್ಲೇ ನಾನು!" ಅಂತ ಹೂವಕ್ಕ ಎದೆ ಬಡಿದುಕೊಂಡಳು. "ಬಾರೋ ಮರಿ. ನಂದೇ ನೀನು. ನನಗೂ ಇತ್ತು ಚಂದದ್ದು."

ಜಿಂಕೆಮರಿ ಬಂದು ಅವಳ ಮಡಿಲಲ್ಲಿ ತಲೆಯಿಟ್ಟು ಬಟ್ಟೆ ಚೂರಾಯಿತು. ಒರಗಿದ್ದ ಬಾಗಿಲು ತೆರೆದುಕೊಂಡಿತು. ಹೂವಕ್ಕ ಚೂರಿನ ಗಂಟು ಬಿಚ್ಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು ಒಳಗೆ ಹೋದಳು. ಟಕ್ ಟಕ್ ಸದ್ದು ನಿಂತುಹೋಗಿತ್ತು, ಅವಳು ಗಮನಿಸಲಿಲ್ಲ.

ಒಳಗೆ ಸಿಂಬೀನಾಥ ಕೂತಿದ್ದ. ಇಡೀ ನೇಸರಕೋಟೆಯ ಗಂಟುಗಳನ್ನು ಹೊಲಿದು ಮಾಡಿದ ನಿಲುವಂಗಿ ತೊಟ್ಟಿದ್ದ. ಜನ ಮುಗಿಸದೆ ಕೊಟ್ಟ ದಿನಗಳನ್ನು ಮೈಗೆ ಹೊದ್ದುಕೊಂಡು ಅವನು ಇನ್ನೂ ಮುನ್ನೂರು ವರ್ಷ ಬದುಕುವ ಲೆಕ್ಕ ಹಾಕಿದ್ದ. ಆ ಅಂಗಿಯ ಭಾರಕ್ಕೆ ಈಗೀಗ ಏಳೋದೇ ಕಷ್ಟವಾಗಿತ್ತು.

"ಸುಸ್ತಾಗಿದ್ದೀಯಲ್ಲ ಮಗಳೇ," ಅಂದ. ದನಿ ಇನ್ನೂ ಬೆಣ್ಣೆಯೇ. "ಇಲ್ಲೇ ಇದ್ದುಬಿಡು. ಇಲ್ಲಿ ಸಂಜೆಯೇ ಆಗೋದಿಲ್ಲ. ಯಾವುದೂ ನೆನಪಾಗೋದಿಲ್ಲ. ದಣಿವೂ ಗೊತ್ತಾಗೋದಿಲ್ಲ."

ಸುಳ್ಳು ಯಾಕೆ ಹೇಳಬೇಕು, ಹೂವಕ್ಕನಿಗೆ ಆಸೆಯಾಯಿತು. ನೆಲ ತಂಪಾಗಿತ್ತು. ಮಲಗಿಬಿಡೋಣ ಅನ್ನಿಸಿತು. ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಮೂರು ಬಟ್ಟೆ ಚೂರು ಇದ್ದವು.

"ಬೇಡಪ್ಪಾ," ಅಂದಳು. "ದಣಿವೂ ನಂದೇ. ನನ್ನ ಗಂಡನ ಗಂಟು ಕೊಡು."

"ನನ್ನ ಹೊಲಿಗೆ ಬಿಚ್ಚೋರು ಹುಟ್ಟಿಲ್ಲ," ಅಂತ ಸಿಂಬೀನಾಥ ನಕ್ಕ.

ನಕ್ಕಿದ್ದೇ ತಪ್ಪಾಯಿತು. ನಗುವಾಗ ಅಂಗಿ ಅಲುಗಾಡಿತು. ಹೂವಕ್ಕನ ಮೂರು ಚೂರು ಇದ್ದ ಜಾಗದಲ್ಲಿ ಆಗಲೇ ಮೂರು ತೂತು ಬಿದ್ದಿದ್ದವು. ಒಂದೇ ಮನೆಯ ಗಂಟುಗಳನ್ನು ಅವನು ಒಟ್ಟಿಗೇ ಹೊಲಿಯುತ್ತಿದ್ದ. ತೂತಿನ ಅಂಚಿನ ದಾರ ಸಡಿಲವಾಗಿ, ಒರಟು ಬಿಳಿ ವಸ್ತ್ರದ ಚೂರುಗಳು ಪಟಪಟ ಉದುರಿದವು. ಅವಕ್ಕೆ ಒದ್ದೆ ತೊಗಲಿನ ವಾಸನೆ ಇತ್ತು. ಹೂವಕ್ಕ ಬಾಚಿ ಮಡಿಲಿಗೆ ಹಾಕಿಕೊಂಡಳು. ಸಿಂಬೀನಾಥ ಏಳೋಕೆ ನೋಡಿದ, ಆಗಲಿಲ್ಲ. ತೂತಿನಿಂದ ಗಾಳಿ ಹೊಕ್ಕು ಅವನು ನಡುಗತೊಡಗಿದ.

ಹೂವಕ್ಕ ಕೊಟ್ಟಿಗೆ ಸೇರುವಾಗ ಸಂಜೆಯಾಗಿತ್ತು. ಕಂಬವೆಲ್ಲ ಬೂದು ಬಣ್ಣವಾಗಿತ್ತು. ಕತ್ತಿನ ಹತ್ತಿರ ಮಾತ್ರ ಬೆರಳಗಲ ಹಸಿರು ಉಳಿದಿತ್ತು. ಗೌರಜ್ಜಿ ಅಲ್ಲೇ ಕೂತು ಅದಕ್ಕೆ ಒದ್ದೆ ಬಟ್ಟೆ ಒತ್ತುತ್ತಿದ್ದಳು.

ಹೂವಕ್ಕ ಒಂದು ಗಂಟನ್ನು ಮರದ ಕೈಯಲ್ಲಿಟ್ಟಳು. ಏನೂ ಆಗಲಿಲ್ಲ. ತಡೆಯಲಾರದೆ ತಾನೇ ಬಿಚ್ಚಲು ನೋಡಿದಳು. ಗಂಟು ಇನ್ನೂ ಬಿಗಿಯಾಯಿತು. ಹೊರಗೆ ಸಂಜೆಯ ಪಾಳಿಗೆ ಕರೆಯುವ ಗಂಟೆ ಹೊಡೆಯಿತು. ಹೂವಕ್ಕ ಹೋಗಲಿಲ್ಲ. ಕಾಲಿಗೆ ನೀರು ಹುಯ್ದುಕೊಂಡು ಬಂದು, ಕಂಬದ ಪಕ್ಕ ಕೂತು, ತನ್ನ ಮೂರು ಚೂರು ತೊಡೆ ಮೇಲೆ ಹರಡಿಕೊಂಡಳು. ಎಷ್ಟೋ ಕಾಲದ ಮೇಲೆ ಆ ಬೀದಿಯಲ್ಲಿ ಗೌರಜ್ಜಿ ಅಲ್ಲದೆ ಇನ್ನೊಬ್ಬಳು ಸಂಜೆ ಹೊತ್ತು ಕೂತಳು.

"ಅವತ್ತು ನೀನು ತಡವಾಗಿ ಬಂದೆ. ನಾನು ಕೂಗಾಡಿದೆ," ಅಂದಳು. "ತಿರುಗಿ ನೋಡಲಿಲ್ಲ. ನೋಡಬೇಕಿತ್ತು." ಕಂಬ ಸುಮ್ಮನಿತ್ತು. ಚಂದಮ್ಮನ ವಿಷಯ ಹೇಳಿದಳು. ಕಂಬ ಸುಮ್ಮನಿತ್ತು. ಹಸಿರು ಕಿರುಬೆರಳಷ್ಟಾಯಿತು.

ಆಗ ಅವಳು ಹಾಡಿದಳು. ಹೂವಿನ ಕೈಯಾಗೆ ಒನಕೆ ಐತೆ, ದೂರ ನಿಲ್ಲಿರಪ್ಪೋ. ಎರಡನೆಯ ಸಾಲನ್ನು ಅವನು ಹಾಡಿದಷ್ಟೇ ಸೊಟ್ಟಗೆ ಹಾಡಿದಳು.

ಮರದ ಬೆರಳೊಂದು ಚಟ್ ಅಂತ ಅಲುಗಿತು. ಇನ್ನೊಂದು ಅಲುಗಿತು. ನಿಧಾನವಾಗಿ, ತುಂಬಾ ನಿಧಾನವಾಗಿ, ಆ ಬೆರಳುಗಳು ಗಂಟು ಬಿಚ್ಚತೊಡಗಿದವು. ಗೌರಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಎಮ್ಮೆ ಕೂಡ ಮೆಲುಕು ನಿಲ್ಲಿಸಿತು. ಗಂಟು ಬಿಚ್ಚಿಕೊಂಡಾಗ ಓಬಯ್ಯನ ಬಾಯಿ ತೊಗಟೆಯಿಂದ ಹೊರಗೆ ಬಂತು.

"ಕೇಳಿಸಿತ್ತಾ ನಿಂಗೆ?" ಅಂದ. "ಅವತ್ತು ಗೋಡೆ ಆಚೆ ನಿಂತು ಹಾಡಿದೆ. ನಿನ್ನ ಒನಕೆ ಒಂದು ಗಳಿಗೆನೂ ನಿಲ್ಲಲಿಲ್ಲ. ಇವಳಿಗೆ ನಾನು ಬೇಡವಾದೆ ಅಂದುಕೊಂಡೆ. ಆ ಗಂಟೇ ಇದು."

"ಕೇಳಿಸಿತ್ತು ಕಣಯ್ಯಾ," ಅಂತ ಹೂವಕ್ಕ ಅವನ ಅರ್ಧ ಮರ ಅರ್ಧ ಚರ್ಮದ ಕೈಯನ್ನು ಹಿಡಿದುಕೊಂಡು ಅತ್ತಳು. "ನಗು ತಡೆದುಕೊಳ್ಳೋದೇ ಕಷ್ಟವಾಗಿತ್ತು ನಂಗೆ. ಸಂಜೆ ಹೇಳೋಣ ಅಂತ ಕಟ್ಟಿಟ್ಟೆ. ಕಟ್ಟಿಟ್ಟು ಅವನಿಗೆ ಕೊಟ್ಟುಬಿಟ್ಟೆ."

ಅವಳ ಮಡಿಲಲ್ಲಿದ್ದ ಉಳಿದ ಗಂಟುಗಳನ್ನೂ ಅವನು ಒಂದೊಂದೇ ಬಿಚ್ಚಿದ, ತೊಗಟೆಯೆಲ್ಲ ಕಳಚಿ ಬಿತ್ತು. ಓಬಯ್ಯ ಭುಜ ಕುಣಿಸಿ, ಎಡತೋಳು ನೋಡಿಕೊಂಡು, "ಈ ಎಮ್ಮೆ ನೆಕ್ಕಿ ನೆಕ್ಕಿ ಅರ್ಧ ಸವೆಸಿಬಿಟ್ಟಿದೆ," ಅಂದ.

ಸುದ್ದಿ ಊರಿಗೆಲ್ಲ ಹಬ್ಬಿತು. ಮರುದಿನ ಜನ ಬೆಟ್ಟ ಹತ್ತಿದರು. ಕರಡಿ, ಹುಲಿ, ಹಾವು ಏನೇನೋ ಅಡ್ಡ ನಿಂತವು. ಪ್ರತಿಯೊಬ್ಬರೂ ತಮ್ಮದನ್ನು ಗುರುತು ಹಿಡಿದು ನಂದು ಅಂದರು. ಅಂದ ಹಾಗೆಲ್ಲ ಸಿಂಬೀನಾಥನ ಅಂಗಿ ಬಿಚ್ಚುತ್ತಾ ಹೋಯಿತು. ಕೊನೆಗೆ ಉಳಿದದ್ದು ಚಳಿಗೆ ನಡುಗುವ ಒಬ್ಬ ಮುದುಕ, ಅವನ ಸೊಂಟದ ಪಂಚೆಯಲ್ಲಿ ಒಂದೇ ಒಂದು ಹಳೆಯ ಗಂಟು. ಅದು ಅವನದೇ. ಒಂದು ಸಲವೂ ಬಿಚ್ಚಿರಲಿಲ್ಲ. ಗೌರಜ್ಜಿ, ಆ ಜುಗ್ಗಿ, ತನ್ನ ಕಂಬಳಿ ತೆಗೆದು ಅವನಿಗೆ ಹೊದಿಸಿದಳು. ಕೋಟೆ ಬಾಗಿಲ ಜಗಲಿಯಲ್ಲಿ ಕೂರಿಸಿ, "ಬಿಚ್ಚೋ, ನಿಧಾನವಾಗಿ ಬಿಚ್ಚು. ಅಂಬಲಿ ಕೊಡ್ತೀವಿ," ಅಂದಳು.

ಕಂಬಗಳ ಬುಡದಲ್ಲಿ ಇನ್ನೂ ಹಸಿರಿತ್ತು, ಮನೆಯವರು ಗಂಟು ತಂದು ಕೈಯಲ್ಲಿಟ್ಟು ಪಕ್ಕ ಕೂತಾಗ ಎಲ್ಲಾ ಮತ್ತೆ ಮನುಷ್ಯರಾದವು. ಬೊಪ್ಪರಸನೂ ಮಾಂತ್ರಿಕನಿಗೆ ಕೊಟ್ಟಿದ್ದ ತನ್ನ ಗಂಟುಗಳ ಬುಟ್ಟಿ ಮುಂದಿಟ್ಟುಕೊಂಡು ಅರಮನೆಯ ಜಗಲಿಯಲ್ಲಿ ಕೂತ. ಕಂಬವಾಗಿದ್ದವರ ಮನೆ ಮನೆಗೆ ಹೋಗಿ ಬಂದ. ಸಂಜೆಯ ಪಾಳಿ ರದ್ದಾಯಿತು. ಹೂವಕ್ಕ ಚಂದಮ್ಮನ ಮನೆಗೆ ಹೋಗಿ ಕಲ್ಲಿನ ವಿಷಯ ಹೇಳಿದಳು. "ಗೊತ್ತಿತ್ತು ಬಿಡೇ. ಯಾವಾಗ ಬಾಯಿ ಬಿಡ್ತೀಯ ಅಂತ ಕಾಯ್ತಿದ್ದೆ," ಅಂತ ಚಂದಮ್ಮ ಅವಳ ಬೆನ್ನಿಗೊಂದು ಗುದ್ದಿ, ಒಳಗೆ ಕರೆದು ಕೂರಿಸಿದಳು.

ಹೂವಕ್ಕನ ದಣಿವು ಹೋಗಲಿಲ್ಲ. ಭತ್ತ ಕುಟ್ಟುವವರಿಗೆ ದಣಿವು ಎಲ್ಲಿ ಹೋಗುತ್ತದೆ? ಆದರೆ ಅದು ಅವತ್ತಿನದು ಅವತ್ತಿಗೆ. ಸಂಜೆ ಜಗಲಿ ಮೇಲೆ ಇಬ್ಬರೂ ಕೂತು ಬಿಚ್ಚುತ್ತಾರೆ, ಕೊಡವುತ್ತಾರೆ, ದೀಪ ಹಚ್ಚುತ್ತಾರೆ. ನೇಸರಕೋಟೆಯ ಜನ ಹೀಗೇ ನೂರ್ಕಾಲ ನೆಮ್ಮದಿಯಾಗಿದ್ದರು. ಅಲ್ಲಿಗೆ ಹೋದವರು ಈಗಲೂ ಒಂದು ಮಾತು ಹೇಳುತ್ತಾರೆ. ಅಂಗಳದಲ್ಲಿ ಒನಕೆ ಬೀಳುತ್ತಿರುತ್ತದಂತೆ, ಗೋಡೆಯಾಚೆ ಯಾರೋ ಸೊಟ್ಟರಾಗದಲ್ಲಿ ಹಾಡಿಕೊಂಡು ಎಮ್ಮೆ ಹೊಡೆದುಕೊಂಡು ಹೋಗುತ್ತಾನಂತೆ. ಆಗ ಒಂದು ಏಟಿನಷ್ಟು ಹೊತ್ತು, ಯಾರು ನೋಡುತ್ತಿದ್ದರೂ ಸರಿ, ಒನಕೆ ನಿಲ್ಲುತ್ತದಂತೆ.